ಅಟ್ಟ ಇಳಿಸಿದ ಆದಿತ್ಯವಾರ

ಮೇ 18, 2025, ಆದಿತ್ಯವಾರ
ಬದಿಯಡ್ಕದ ಹತ್ತಿರ, ಕಾಸರಗೋಡು

ಮಳೆಗಾಲಕ್ಕೆ ಮೊದಲು ಬರುವ ತುಳುವರ ಗಡುವಿನ ದಿನ ಪತ್ತನಾಜೆಗೆ ಇನ್ನು ಆರೇ ದಿನ. ವಾಡಿಕೆಯಲ್ಲಿ ಜೂನ್ 1ಕ್ಕೆ ಬರುವ ಮಳೆ ಈ ಸಲ ಮೇ 27ಕ್ಕೇ ಕೇರಳಕ್ಕೆ ಕಾಲಿಡುತ್ತದೆ ಅಂತ ಹವಾಮಾನ ಇಲಾಖೆ ಹೇಳಿದೆ. ಒಣ ಮಡಲು, ಗೆರಟೆ (ತೆಂಗಿನ ಚಿಪ್ಪು), ಕಟ್ಟಿಗೆ ಎಲ್ಲ ಇನ್ನೂ ಅಂಗಳದಲ್ಲೇ ಇದೆ. ಇಡೋಣ ಅಂದರೆ ಅಟ್ಟದಲ್ಲಿ ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ಕಾಫಿ ಕುಡಿದವಳೇ ಏಣಿ ಇಟ್ಟು ಹತ್ತಿದೆ.

ಇಳಿಸಿದ್ದನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಇಟ್ಟೆವು. ಖಾಲಿ ಬಾಟಲಿ 31. ಐಸ್‌ಕ್ರೀಮಿನ ಡಬ್ಬ 14. ಪೈಂಟಿನ ದೊಡ್ಡ ಬಕೆಟ್ ಮೂರು. ಸುಟ್ಟುಹೋದ ಮಿಕ್ಸಿ. ಮದುವೆ ಕಾಗದದ ಕಟ್ಟು. ಪಟ್ಟಿ ಕಿತ್ತ ಚಪ್ಪಲಿ. ಹಳೆ ಸೀರೆಗಳ ಗಂಟು. ಸ್ಕೂಟರಿನ ಎರಡು ಟಯರು.

ಅತ್ತೆ ಕುರ್ಚಿ ಹಾಕಿ ಕೂತು ನೋಡುತ್ತಿದ್ದರು.

"ಇದೆಲ್ಲ ಯಾಕೆ ಇಟ್ಟದ್ದು?"

"ಬೇಕಾದೀತು ಅಂತ, ಅತ್ತೆ."

"ಯಾವುದಕ್ಕೆ?"

ನನಗೆ ಉತ್ತರ ಹೊಳೆಯಲಿಲ್ಲ. ಏನನ್ನೂ ಬಿಸಾಡದೆ ಬದುಕುವವಳು ನಾನು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಟ್ಟದಿಂದ ಇಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾನೇ ಹತ್ತಿಸಿದ್ದು. ಅತ್ತೆ ಒಂದು ಚೂರು ಬಟ್ಟೆಯನ್ನೂ ಬಿಸಾಡಿದ್ದು ನಾನು ಕಂಡಿಲ್ಲ. ಆದರೆ ಅವರದ್ದು ಅಂತ ಅಟ್ಟದಲ್ಲಿ ಏನೂ ಇರಲಿಲ್ಲ. ಅವರು ಉಳಿಸಿದ್ದು ಅಟ್ಟಕ್ಕೆ ಹೋಗುವುದೇ ಇಲ್ಲ, ನೇರ ಇನ್ನೊಂದು ಕೆಲಸಕ್ಕೆ ಹೋಗುತ್ತದೆ. ಇವತ್ತು ಅದು ನನಗೆ ಸರಿಯಾಗಿ ಕಂಡಿತು.

ಬಟ್ಟೆಯ ವಿಷಯದಲ್ಲಿ ಅವರ ಕ್ರಮ ನೋಡಬೇಕು. ಮಾವನ ಮುಂಡು ನಡುವೆ ಸವೆಯುತ್ತದೆ, ಎರಡು ಬದಿ ಗಟ್ಟಿ ಇರುತ್ತದೆ. ಅತ್ತೆ ಸವೆದ ನಡುಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಬದಿಯ ಎರಡು ತುಂಡು ಜೋಡಿಸಿ ಹೊಲಿದರೆ ಒಂದು ಹಾಸು ಆಯಿತು. ನನ್ನ ಇಬ್ಬರು ಮಕ್ಕಳೂ ಮಲಗಿದ್ದು ಅಂಥ ಹಾಸಿನ ಮೇಲೆ. ಹೊಸ ಬಟ್ಟೆಗೆ ಆ ಮೆದು ಎಲ್ಲಿಂದ ಬರಬೇಕು? ತೆಗೆದ ನಡುಭಾಗ ತೆಳು ಅಲ್ವಾ, ಅದು ತೆಂಗಿನಹಾಲು ಸೋಸಲು. ಸೋಸಿ ಸೋಸಿ ಕಲೆ ಹತ್ತಿದ ಮೇಲೆ ಬಿಸಿ ಪಾತ್ರೆ ಇಳಿಸುವ ಕೈಮಸಿ. ಕೈಮಸಿ ಹರಿದರೆ ನೆಲ ಒರೆಸಲು. ಅದೂ ಚಿಂದಿಯಾದ ಮೇಲೆ ತೆಂಗಿನ ಬುಡಕ್ಕೆ. ಹತ್ತಿ ಬಟ್ಟೆಯಲ್ಲವೇ, ಒಂದು ಮಳೆಗಾಲದಲ್ಲಿ ಮಣ್ಣಾಗಿರುತ್ತದೆ. ಈ ಸಾಲಿನಲ್ಲಿ ಬಟ್ಟೆ ಕೆಳಗೆ ಇಳಿಯಬಹುದು, ಮೇಲೆ ಹತ್ತುವ ಹಾಗಿಲ್ಲ. ಕೈಮಸಿಯನ್ನು ತೊಳೆದು ಎಷ್ಟೇ ಬೆಳ್ಳಗೆ ಮಾಡಿದರೂ ಅದರಲ್ಲಿ ಹಾಲು ಸೋಸಲು ಬಿಡುವುದಿಲ್ಲ.

ಅಂಚನ್ನು ಮೊದಲೇ ಹರಿದು ಬೇರೆ ಇಡುತ್ತಾರೆ. ಅದು ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿಯನ್ನು ಮರಕ್ಕೆ ಕಟ್ಟಲು. ಬಳ್ಳಿಯ ಬೇರು ಮರವನ್ನು ಹಿಡಿದುಕೊಳ್ಳುವಷ್ಟು ದಿನ ಅಂಚು ಬಾಳುತ್ತದೆ, ಮತ್ತೆ ತಾನಾಗಿ ಕೊಳೆತು ಬೀಳುತ್ತದೆ. ನಾನೊಮ್ಮೆ ನೈಲಾನ್ ಸೀರೆಯ ಅಂಚಿನಿಂದ ಕಟ್ಟಿದ್ದೆ. ಅದು ಕೊಳೆಯಲಿಲ್ಲ. ಬಳ್ಳಿ ದಪ್ಪವಾದ ಹಾಗೆ ಅಂಚು ಬಳ್ಳಿಯೊಳಗೇ ಕೂತು ಅದನ್ನು ಕೊರೆಯಿತು. ಎರಡು ಒಳ್ಳೆಯ ಬಳ್ಳಿ ಹಾಳಾದವು. ಆಮೇಲೆ ನೈಲಾನ್ ಸೀರೆಗಳನ್ನು ಏನು ಮಾಡುವುದು ಅಂತ ತಿಳಿಯದೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಇವತ್ತು ಆ ಗಂಟಿಗೂ ಕೆಲಸ ಸಿಕ್ಕಿತು. ಬಸಳೆ ಚಪ್ಪರ, ಬೆಂಡೆ ಸಾಲಿನ ಸುತ್ತ ಬೇಲಿ ಕಟ್ಟಿದೆವು. ನವಿಲು, ಕೋಳಿ ಎರಡರ ಕಾಟವೂ ಇದೆ ನಮಗೆ. ಗಾಳಿಗೆ ಸೀರೆ ಹಾರಾಡಿದರೆ ಹಂದಿ ಕೂಡ ಹತ್ತಿರ ಬರಲು ಹೆದರುತ್ತದೆ ಅಂತ ಪಕ್ಕದ ತೋಟದವರು ಹೇಳುತ್ತಾರೆ. ನೋಡಬೇಕು.

ನಮ್ಮ ಕಡೆ ಹಳೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಡಕೆ ಮರವೇ ಕಲಿಸಿತ್ತು ಅಂತ ನನಗೆ ಅನಿಸುತ್ತದೆ. ಸೋಗೆಯ ಜೊತೆ ಬಿದ್ದ ಅಡಕೆ ಹಾಳೆ ತಲೆಗೆ ಮುಟ್ಟಾಳೆ ಎಂಬ ಟೊಪ್ಪಿ, ಸೆಕೆಗೆ ಬೀಸಣಿಗೆ, ಎಣ್ಣೆ ಹಚ್ಚಿದ ಶಿಶುವನ್ನು ಮಲಗಿಸಿ ಮೀಯಿಸಲು ತೊಟ್ಟಿಲಿನಂಥ ಆಸರೆ. ಫಲ ನಿಂತ ಮರ ಕಡಿದರೆ ಸೀಳಿ, ತಿರುಳು ತೆಗೆದು ದಂಬೆ, ಅಂದರೆ ನೀರು ಹರಿಸುವ ದೋಣಿ. ನಮ್ಮ ಸುರಂಗದ ನೀರು ಗುಡ್ಡದ ಹೊಟ್ಟೆಯಿಂದ ಮದಕಕ್ಕೆ (ನೀರು ನಿಲ್ಲಿಸುವ ಕೆರೆಗೆ) ಹರಿದು ಬರುತ್ತಿದ್ದದ್ದು ದಂಬೆಯಲ್ಲೇ. ಪಂಪು ಬೇಡ, ಕರೆಂಟು ಬೇಡ. ಈಗ ಪೈಪು ಹಾಕಿದ್ದೇವೆ. ಒಂದು ದಂಬೆ ಮಾತ್ರ ಉಳಿದಿದೆ, ದನದ ಹಟ್ಟಿಯ ಹಿಂದೆ ಮಾಡಿನ ನೀರು ಹರಿಯಲು.

ಆ ಕಾಲದಲ್ಲಿ ಬಿಸಾಡಿದ್ದೂ ಮಣ್ಣಿಗೇ ಹೋಗುತ್ತಿತ್ತು. ನನ್ನ 31 ಬಾಟಲಿ ಎಲ್ಲಿಗೆ ಹೋಗಬೇಕು?

ಬಾಟಲಿಯ ವಿಷಯ ಬರೆಯಲೇಬೇಕು. ಮೂರು ವರ್ಷದ ಹಿಂದೆ ಅಡಕೆಗೆ ಮದ್ದು ಬಿಟ್ಟಾದ ಮೇಲೆ ಸ್ವಲ್ಪ ಮೈಲುತುತ್ತಿನ (ಕಾಪರ್ ಸಲ್ಫೇಟ್) ನೀರು ಉಳಿದಿತ್ತು. ಹಾಳು ಮಾಡುವುದು ಯಾಕೆ, ಇನ್ನೊಮ್ಮೆಗೆ ಆಗುತ್ತದೆ ಅಂತ ನಾನೇ ಅದನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿ ಹಟ್ಟಿಯ ಕಟ್ಟೆಯಲ್ಲಿ ಇಟ್ಟೆ. ನೋಡಲು ಎಷ್ಟು ಚೆಂದದ ನೀಲಿ ಬಣ್ಣ! ಮಗನಿಗೆ ಆಗ ಎಂಟು ವರ್ಷ. ಆಟ ಆಡಿ ಬಾಯಾರಿ ಬಂದವನು ಮುಚ್ಚಳ ತಿರುಗಿಸುತ್ತಿದ್ದ. ಅತ್ತೆ ಓಡಿ ಬಂದು ಕಸಿದುಕೊಂಡರು. ಒಂದು ಮಾತೂ ಬೈಯಲಿಲ್ಲ. ನನ್ನ ಕೈಕಾಲು ಆ ಸಂಜೆ ಇಡೀ ನಡುಗುತ್ತಿತ್ತು. ಈಗ ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತದೆ. ತಿನ್ನುವ, ಕುಡಿಯುವ ವಸ್ತು ಇದ್ದ ಬಾಟಲಿಗೆ ಮದ್ದು ಹಾಕಬೇಡಿ, ಒಂದು ದಿನಕ್ಕೂ ಬೇಡ. ಮದ್ದಿನ ಕ್ಯಾನು ಖಾಲಿಯಾದರೆ ಎಷ್ಟೇ ಗಟ್ಟಿ ಇದ್ದರೂ ಮನೆಯೊಳಗೆ ತರಬೇಡಿ. ಮೂರು ಸಲ ತೊಳೆದು ತೂತು ಮಾಡಿ ಬಿಡಿ, ಇನ್ನೊಬ್ಬರು ಎತ್ತಿಕೊಂಡು ಹೋಗಿ ನೀರು ತುಂಬಿಸದ ಹಾಗೆ. ಉಳಿತಾಯಕ್ಕೂ ಒಂದು ಗೆರೆ ಇದೆ ಅಲ್ವಾ? ನನಗೆ ಅದು ಹೀಗೆ ಗೊತ್ತಾಗಬೇಕಾಯಿತು.

ಪೈಂಟಿನ ಬಕೆಟ್ ನೋಡಿದಾಗಲೂ ಇದೇ ಮಾತು ಬಂತು. ಈಗ ಹಲಸಿನ ಕಾಲ, ಉಪ್ಪುಸೊಳೆ, ಅಂದರೆ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಹೊತ್ತು. ಭರಣಿ ಸಾಲದು. "ಬಕೆಟ್ ಚೆನ್ನಾಗಿ ತೊಳೆದು ಅದರಲ್ಲೇ ಹಾಕಿದರೆ?" ಅಂದೆ. ಅತ್ತೆ ಒಪ್ಪಲಿಲ್ಲ. ಉಪ್ಪು, ಹುಳಿ ಎರಡೂ ಸುಮ್ನೆ ಇರುವುದಿಲ್ಲ, ಪಾತ್ರೆಯಲ್ಲಿ ಇದ್ದದ್ದನ್ನು ಎಳೆದುಕೊಳ್ಳುತ್ತವೆ ಅಂದರು. ಸರಿಯಾದ ಮಾತು. ಮುಚ್ಚಳ ಒಡೆದ ಹಳೆ ಭರಣಿ ಒಂದು ಮೂಲೆಯಲ್ಲಿತ್ತು. ಬಾಯಿಗೆ ಶುದ್ಧ ಬಟ್ಟೆ ಕಟ್ಟಿ, ಮೇಲೆ ಹಾಳೆ ತುಂಡು ಇಟ್ಟು ಹಗ್ಗ ಬಿಗಿದರು. ಮಳೆಗಾಲಕ್ಕೆ ಒಂದು ಭರಣಿ ಸೊಳೆ ಅದರಲ್ಲಿ. ಬಕೆಟ್ ಎರಡಕ್ಕೆ ಅಡಿಯಲ್ಲಿ ತೂತು ಹೊಡೆದು ಮಲ್ಲಿಗೆ ಗಿಡ ನೆಟ್ಟೆ. ಮೂರನೆಯದು ಸಗಣಿ ಹೊರಲು.

ಟಯರುಗಳನ್ನು ಇಳಿಸುವಾಗ ಒಳಗೆ ನೀರಿತ್ತು. ಹಂಚಿನ ಸಂದಿಯಿಂದ ಮೊನ್ನೆಯ ಮಳೆ ಇಳಿದಿರಬೇಕು. ಬಗ್ಗಿ ನೋಡಿದರೆ ಸೊಳ್ಳೆ ಮರಿ ಕುಣಿಯುತ್ತಿವೆ! ಡೆಂಗಿ ಹರಡುವ ಸೊಳ್ಳೆಗೆ ಕೆರೆ, ತೋಡು ಬೇಡ, ಒಂದು ಗೆರಟೆ ನೀರು ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ನೀರು ಆರಿದರೂ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಅಂಟಿಕೊಂಡಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ನೀರು ಚೆಲ್ಲಿದರೆ ಮುಗಿಯಿತು ಅಂತ ತಿಳಿಯಬೇಡಿ, ಉಜ್ಜಿ ತೊಳೆಯಬೇಕು. ನಾನು ಜೋಪಾನ ಮಾಡಿದ ಟಯರಿನಿಂದ ಮನೆಯವರಿಗೇ ಜ್ವರ ಬರಬಹುದಿತ್ತು. ಎರಡನ್ನೂ ಗುಜರಿಗೆ ಎತ್ತಿಟ್ಟೆ, ಮಿಕ್ಸಿ ಜೊತೆಗೆ. ಗೆರಟೆಗಳನ್ನು ಒಲೆಯ ಬದಿಗೆ ಬೋರಲು ಹಾಕಿ ಇಟ್ಟಾಯಿತು.

ಹಾಲಿನ ಪ್ಯಾಕೆಟ್ ಬಗ್ಗೆ ಮಾತ್ರ ಅತ್ತೆ ನನ್ನನ್ನು ಮೆಚ್ಚಿದರು. ಮಿಲ್ಮಾ ಪ್ಯಾಕೆಟ್ಟಿನ ಮೂಲೆಯನ್ನು ನಾನು ಪೂರ್ತಿ ಕತ್ತರಿಸುವುದಿಲ್ಲ, ಚೂರು ಅಂಟಿಕೊಂಡೇ ಇರಬೇಕು. ಆ ಸಣ್ಣ ಚೂರೇ ಎಲ್ಲೆಲ್ಲೋ ಹಾರಿ ಹೋಗುವುದು. ತೊಳೆದು ಒಣಗಿಸಿ, ಅಡಿಗೆ ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ ಒಳ್ಳೆಮೆಣಸಿನ ಕುಡಿ ನೆಡುತ್ತೇನೆ. ಎರಡು ಮೂರು ಗೆಣ್ಣಿನ ತುಂಡು ಸಾಕು. ಫೆಬ್ರವರಿ ಕೊನೆಗೆ ನೆಟ್ಟ 60ರಲ್ಲಿ 47 ಚಿಗುರಿವೆ. ಮಳೆ ಹಿಡಿದ ಕೂಡಲೇ ತೋಟಕ್ಕೆ. ಆಗ ಪ್ಯಾಕೆಟ್ಟನ್ನು ಮಣ್ಣಿಗೆ ಬಿಡದೆ ಬಿಡಿಸಿ ತರಬೇಕು, ಅದೇ ಮುಖ್ಯ. ಅದನ್ನೂ ಉಳಿದ ಬಾಟಲಿ, ಡಬ್ಬಗಳನ್ನೂ ತೊಳೆದು, ಮನೆಮನೆಯಿಂದ ಪ್ಲಾಸ್ಟಿಕ್ ಒಟ್ಟು ಮಾಡುವ ಹರಿತ ಕರ್ಮ ಸೇನೆಯವರಿಗೆ ಕೊಡುವುದು. ತಿಂಗಳಿಗೆ 50 ರೂಪಾಯಿ ಕೊಡಲು ಮೊದಮೊದಲು ನನಗೂ ಮನಸ್ಸಿರಲಿಲ್ಲ. ಬಿಸಿಲಿನಲ್ಲಿ ಗುಡ್ಡ ಹತ್ತಿ ಗೋಣಿ ಹೊತ್ತು ಬರುವ ಆ ಹೆಂಗಸರನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ಮಣ್ಣು ಮೆತ್ತಿದ ಪ್ಲಾಸ್ಟಿಕ್ ಕೊಟ್ಟರೆ ಅವರೇ ಕೂತು ಕೈಯಿಂದ ಬೇರ್ಪಡಿಸಬೇಕು. ತೊಳೆದು ಕೊಡಲು ನಮಗೆ ಎಷ್ಟು ಹೊತ್ತು ಬೇಕು?

ಊಟ ಆಗುವಾಗ ಎರಡು ಗಂಟೆ.

ಮಧ್ಯಾಹ್ನ ಮೇಲೆ ಶಾಲೆಯ ಸಾಮಾನು. ಜೂನ್ 2ಕ್ಕೆ ಶಾಲೆ ಶುರು. ಮಗಳ ಹಳೆ ಪಾಠಪುಸ್ತಕ ಮಗನಿಗೆ ಅಂತ ಎತ್ತಿಟ್ಟಿದ್ದೆ. ಆದರೆ ಈ ವರ್ಷ 2, 4, 6, 8, 10ನೇ ತರಗತಿಗೆ ಹೊಸ ಪುಸ್ತಕ. ಅವನು ಆರನೆಯದು, ಹಾಗಾಗಿ ಅದು ಪ್ರಯೋಜನಕ್ಕೆ ಬರಲಿಲ್ಲ. ಅಟ್ಲಾಸು, ನಿಘಂಟು, ಕಂಪಾಸು ಪೆಟ್ಟಿಗೆ ಆಗುತ್ತದೆ. ಇಬ್ಬರ ಕಳೆದ ವರ್ಷದ ನೋಟ್‌ಪುಸ್ತಕಗಳಿಂದ ಖಾಲಿ ಹಾಳೆ ಬಿಡಿಸಿದರೆ ಒಂದು ದೊಡ್ಡ ಅಟ್ಟಿಯೇ ಆಯಿತು. ದಬ್ಬಳದಲ್ಲಿ ತೂತು ಮಾಡಿ ಗೋಣಿ ದಾರದಲ್ಲಿ ಹೊಲಿದೆವು. ಮದುವೆ ಕಾಗದಗಳೇ ರಟ್ಟು. ಐದು ರಫ್ ಪುಸ್ತಕ! ಮಗಳು ಮೇಲೆ ತನ್ನ ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಳು.

ಮಗನ ಸಮವಸ್ತ್ರದ ಅಂಗಿ ಇನ್ನೂ ಗಟ್ಟಿ ಇದೆ. ಕೈಯ ಮಡಿಕೆ ಬಿಚ್ಚಿದರೆ ಒಂದು ವರ್ಷ ಆಗುತ್ತದೆ. ಎದೆಯ ಒಂದು ಗುಂಡಿ ಇರಲಿಲ್ಲ. ಅತ್ತೆ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬ ತಂದರು. ಬಟ್ಟೆ ಹರಿಯುವ ಮೊದಲು ಬಿಚ್ಚಿದ ಗುಂಡಿಗಳೆಲ್ಲ ಅದರಲ್ಲಿ. ಒಂದೊಂದು ಅಂಗಿಯದ್ದನ್ನು ಒಂದೊಂದು ದಾರಕ್ಕೆ ಪೋಣಿಸಿ ಗಂಟು ಹಾಕಿದ್ದಾರೆ. ಮಾವನ ಬಿಳಿ ಅಂಗಿಯ ಸರ ಹುಡುಕಿ ಒಂದು ಗುಂಡಿ ತೆಗೆದರು, ಉಳಿದ ಆರಕ್ಕೆ ಮತ್ತೆ ಗಂಟು ಹಾಕಿದರು. ಸೂಜಿಗೆ ದಾರ ಹಾಕಲು ಮಾತ್ರ ಕಣ್ಣು ಸಾಲದು, ಅದನ್ನು ಮೊಮ್ಮಗನೇ ಮಾಡಿಕೊಟ್ಟ.

ನಾಳೆ ಅಡಕೆಯ ಮದ್ದಿಗೆ ಮೈಲುತುತ್ತು, ಸುಣ್ಣ ತರಬೇಕು. 100 ಲೀಟರ್ ನೀರಿಗೆ ಒಂದೊಂದು ಕಿಲೋ. ಮೈಲುತುತ್ತಿಗೆ ಕಬ್ಬಿಣದ ಪಾತ್ರೆ ಆಗದು. ನೀಲಿ ಬ್ಯಾರೆಲ್ ತೊಳೆದು ಬೋರಲು ಹಾಕಿದ್ದೇನೆ, ಮೇಲೆ ಮಸಿಯಲ್ಲಿ ದೊಡ್ಡದಾಗಿ "ಮದ್ದಿಗೆ ಮಾತ್ರ" ಅಂತ ಬರೆದಾಯಿತು. ತುಂಡಾದ ಕತ್ತಿಯ ತುದಿಯೂ ಸಿಕ್ಕಿದೆ. ಉಜ್ಜಿ ಹೊಳಪು ಬರಿಸಿ ಮಿಶ್ರಣದಲ್ಲಿ ಅದ್ದಿ ನೋಡಲು ಅದು ಬೇಕು. ಕೆಂಪು ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಸೇರಿಸುವುದು. ಅಟ್ಟದಲ್ಲಿ ಈಗ ಕಟ್ಟಿಗೆ, ಗೋಣಿ, ಹಾಳೆ ಕಟ್ಟು ಮಾತ್ರ ಇದೆ. ನಡುವೆ ನಿಂತು ಕೈ ಚಾಚುವಷ್ಟು ಜಾಗ ಆಗಿದೆ.