ನೆಕ್ ಗಾರ್ಡ್ ಬಂತು, ಹಳಬರ ಕತ್ತು ಖಾಲಿಯೇ ಉಳಿಯಿತು

28 ಅಕ್ಟೋಬರ್ 2025, ಮಂಗಳವಾರ

ಐಸ್ ಹಾಕಿ ಆಟಗಾರ ಆಡಮ್ ಜಾನ್ಸನ್ ತೀರಿಕೊಂಡು ಇವತ್ತಿಗೆ ಎರಡು ವರ್ಷ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ಪರ ಆಡುತ್ತಿದ್ದಾಗ ಎದುರಾಳಿಯ ಸ್ಕೇಟಿನ ಬ್ಲೇಡು ಕತ್ತಿಗೆ ತಾಗಿತು. ವಯಸ್ಸು 29. ಹಿಂದೆ ಪಿಟ್ಸ್‌ಬರ್ಗ್ ತಂಡಕ್ಕಾಗಿ ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 13 ಪಂದ್ಯ ಆಡಿದ್ದವರು. ಕತ್ತು ಕಾಯುವ ಹೊದಿಕೆ, ಅಂದರೆ ನೆಕ್ ಗಾರ್ಡ್, ಕಡ್ಡಾಯ ಮಾಡಬೇಕೋ ಬೇಡವೋ ಎಂದು ಐಸ್ ಹಾಕಿ ಅಭಿಮಾನಿಗಳು ಅಂದಿನಿಂದ ಕಿತ್ತಾಡುತ್ತಲೇ ಇದ್ದಾರೆ. ಬ್ರಿಟನ್ನಿನ ಎಲೀಟ್ ಲೀಗ್ 1 ಜನವರಿ 2024ರಿಂದಲೇ ಕಡ್ಡಾಯ ಮಾಡಿತು. ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ ತನ್ನ ಎಲ್ಲ ಟೂರ್ನಿಗಳಿಗೂ ಆ ನಿಯಮ ತಂದಿತು. ಎನ್‌ಎಚ್‌ಎಲ್‌ನ ಕೆಳಗಿನ ಮೆಟ್ಟಿಲಾದ ಎಎಚ್‌ಎಲ್ 2024-25ರಲ್ಲಿ ಅದೇ ದಾರಿ ಹಿಡಿಯಿತು. ಎನ್‌ಎಚ್‌ಎಲ್ ಮಾತ್ರ ಈ ಜುಲೈ ತನಕ ಮೀನಮೇಷ ಎಣಿಸಿತು.

ಕೊನೆಗೆ ಒಪ್ಪಿಕೊಂಡದ್ದೇನು ನೋಡಿ. 2026-27ರಿಂದ ಕತ್ತಿಗೆ ರಕ್ಷಣೆ ಕಡ್ಡಾಯ, ಆದರೆ ಅಷ್ಟರೊಳಗೆ ಎನ್‌ಎಚ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಿರದವರಿಗೆ ಮಾತ್ರ. ಒಂದೇ ಒಂದು ಪಂದ್ಯ ಆಡಿದ್ದರೂ ಹಾಕುವುದು ಬಿಡುವುದು ಅವರವರ ಇಷ್ಟ. ಈ ತಿಂಗಳು ನ್ಯೂಯಾರ್ಕ್ ಐಲ್ಯಾಂಡರ್ಸ್ ಪರ ಕಣಕ್ಕಿಳಿದ ಮ್ಯಾಥ್ಯೂ ಶೇಫರ್‌ಗೆ 18 ವರ್ಷ. ಮೊನ್ನೆ ಮೊನ್ನೆ ತನಕ ಒಂಟಾರಿಯೋ ಜೂನಿಯರ್ ಲೀಗ್‌ನಲ್ಲಿದ್ದಾಗ ನೆಕ್ ಗಾರ್ಡ್ ಇಲ್ಲದೆ ಆಡುವಂತಿರಲಿಲ್ಲ. ದೊಡ್ಡವರ ಲೀಗ್‌ಗೆ ಬಂದ ಕೂಡಲೇ ಆ ಕಟ್ಟುಪಾಡು ಕಳಚಿತು. 40ರವರೆಗೆ ಆಡಿದರೆ 2047ರಲ್ಲೂ ಅವರಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಎನ್‌ಎಚ್‌ಎಲ್‌ಗೆ ಇದು ಹಳೆಯ ಚಾಳಿ. ಜನವರಿ 1968ರಲ್ಲಿ ಆಟಗಾರ ಬಿಲ್ ಮಾಸ್ಟರ್‌ಟನ್ ಹೆಲ್ಮೆಟ್ ಇಲ್ಲದೆ ಐಸಿನ ಮೇಲೆ ಬಿದ್ದು ಎರಡೇ ದಿನದಲ್ಲಿ ಸತ್ತರು. ಹೆಲ್ಮೆಟ್ ಕಡ್ಡಾಯವಾಗಲು 1979 ಬರಬೇಕಾಯಿತು, ಅದೂ ಹೊಸದಾಗಿ ಬಂದವರಿಗೆ. ಕೊನೆಯ ಬರಿದಲೆ ಆಟಗಾರ ಕ್ರೇಗ್ ಮ್ಯಾಕ್‌ಟಾವಿಶ್ ನಿವೃತ್ತರಾದದ್ದು 1997ರಲ್ಲಿ. ಕಣ್ಣು ಕಾಯುವ ಪಾರದರ್ಶಕ ಪರದೆ, ವೈಸರ್, ಕಡ್ಡಾಯವಾದದ್ದು 2013-14ರಲ್ಲಿ, 25ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ವಿನಾಯಿತಿ ಕೊಟ್ಟು. ಹನ್ನೆರಡು ವರ್ಷದ ಮೇಲೂ ವೈಸರ್ ಇಲ್ಲದೆ ಆಡುವ ಹಳಬರು ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಹೀಗಾಗುವುದಕ್ಕೆ ಕಾರಣ ಲೀಗ್‌ನ ಸೋಮಾರಿತನವಷ್ಟೇ ಅಲ್ಲ. ಆಟಗಾರರು ಮೈಮೇಲೆ ಏನು ಧರಿಸಬೇಕೆಂಬುದನ್ನು ಲೀಗ್ ಒಂದೇ ನಿರ್ಧರಿಸುವ ಹಾಗಿಲ್ಲ, ಆಟಗಾರರ ಸಂಘ ಒಪ್ಪಬೇಕು. ಸಂಘದಲ್ಲಿ ಮತ ಇರುವುದು ಈಗ ಆಡುತ್ತಿರುವವರಿಗೆ. ಇನ್ನೂ ಜೂನಿಯರ್ ಲೀಗ್‌ನಲ್ಲಿರುವ ಹುಡುಗನನ್ನು ಯಾರೂ ಕೇಳುವುದಿಲ್ಲ. ಮತ ಇದ್ದವರಿಗೆ ನಿಯಮ ತಾಗದು, ನಿಯಮ ತಾಗುವವರಿಗೆ ಮತ ಇಲ್ಲ. ‘ವಯಸ್ಸಿಗೆ ಬಂದವರು, ತಮ್ಮ ಅಪಾಯ ತಾವೇ ಅರಿತವರು’ ಎಂದು ವಾದಿಸುವ ಅಭಿಮಾನಿಗಳು ಇದಕ್ಕೆ ಉತ್ತರ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಸಾಮಾನಿನ ವಿಷಯ. ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದ ಕೇಳುವುದು ಸೀಳು ತಡೆಯುವ ಬಟ್ಟೆಯಲ್ಲಿ ಕನಿಷ್ಠ ‘ಎ5’ ದರ್ಜೆ. ಅಮೆರಿಕದ ಕೈಗವಸು ಉದ್ಯಮದಿಂದ ಬಂದ ಅಳತೆ ಇದು. ಬಟ್ಟೆಯ ತುಂಡಿನ ಮೇಲೆ ನೇರ ಬ್ಲೇಡನ್ನು 20 ಮಿಲಿಮೀಟರ್ ಎಳೆಯುತ್ತಾರೆ. ಅಷ್ಟು ದೂರದೊಳಗೆ ಬಟ್ಟೆ ಹರಿಯಲು ಎಷ್ಟು ಗ್ರಾಂ ಭಾರ ಬೇಕಾಯಿತೋ ಅದೇ ದರ್ಜೆ. ಎ5 ಎಂದರೆ 2,200ರಿಂದ 2,999 ಗ್ರಾಂ. ಅತಿ ಮೇಲಿನ ಎ9ಕ್ಕೆ 6,000 ಗ್ರಾಂ ದಾಟಬೇಕು. ಸ್ಕೇಟಿನ ಬ್ಲೇಡು ಈ ಪರೀಕ್ಷೆಯ ಬ್ಲೇಡಿನಂತಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕು. ಅದರ ತಳವನ್ನು ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ, ಹಾಗಾಗಿ ಎರಡೂ ಬದಿಗೆ ಒಂದೊಂದು ಚೂಪು ಅಂಚು. ಹಿಂದಿನಿಂದ ಬರುವುದು ಪೂರ್ತಿ ಮನುಷ್ಯನ ಭಾರ ಮತ್ತು ವೇಗ. ಆದ್ದರಿಂದ ಎ5 ಬಟ್ಟೆ ಗಾಯವೇ ಆಗದಂತೆ ತಡೆಯುತ್ತದೆಂದು ಯಾರೂ ಖಾತರಿ ಕೊಡಲಾರರು. ಜಾರಿಕೊಂಡು ಹೋಗುವ ಬ್ಲೇಡು ರಕ್ತನಾಳ ಮುಟ್ಟುವ ಮೊದಲೇ ಅದನ್ನು ತಡೆದರೆ, ಇಲ್ಲವೇ ಗಾಯದ ಆಳ ತಗ್ಗಿಸಿದರೆ, ಅದರ ಕೆಲಸ ಆಯಿತು.

ಹಳೆಯ ಮಾದರಿ ಎಂದರೆ ನೈಲಾನ್ ಮತ್ತು ಫೋಮಿನ ಕೊರಳಪಟ್ಟಿ, ಹಿಂದೆ ವೆಲ್ಕ್ರೋ. ಬೆವರಿಗೆ ವೆಲ್ಕ್ರೋ ಸಡಿಲವಾಗುತ್ತದೆ, ಪಟ್ಟಿ ಮೇಲೇರುತ್ತದೆ, ಭುಜದ ಪ್ಯಾಡಿಗೂ ಅದಕ್ಕೂ ನಡುವೆ ಒಂದು ಸಂದು ಬಿಡುತ್ತದೆ. ಮುಖ್ಯ ರಕ್ತನಾಳಗಳು ಓಡುವುದು ಕತ್ತಿನ ಎರಡು ಪಕ್ಕದಲ್ಲಿ. ಮುಂಭಾಗ ಮುಚ್ಚಿ ಪಕ್ಕ ಬಿಟ್ಟರೆ ಕಟ್ಟಿಯೂ ಪ್ರಯೋಜನವಿಲ್ಲ. ಈಗ ಹೆಚ್ಚಿನ ಆಟಗಾರರಿಗೆ ಹಿಡಿಸುವುದು ಒಳಅಂಗಿಗೇ ಎತ್ತರದ ಕಾಲರು ಹೊಲಿದ ಮಾದರಿ. ಅದು ಜಾರದು, ಸಂದೂ ಬಿಡದು. ತೊಂದರೆ ಸೆಕೆಯದು: ಆಟದ ಕೊನೆಯ, ಅಂದರೆ ಮೂರನೇ ಪೀರಿಯಡ್ ಹೊತ್ತಿಗೆ ನೀರು ಹೀರಿ ತೂಗುತ್ತದೆ. ಒಗೆಯುವಾಗಲೂ ಜೋಪಾನ. ಕೆವ್ಲಾರ್ ತರದ ಅರಾಮಿಡ್ ನೂಲಿಗೆ ಬ್ಲೀಚ್ ತಾಗಿದರೆ ಬಲ ಹೋಗುತ್ತದೆ, ಬಿಸಿಲಿಗೂ ಅದು ಸವೆಯುತ್ತದೆ. ಪಾಲಿಎಥಿಲೀನ್ ನೂಲಿನ ಅಂಗಿ ಬಿಸಿ ಡ್ರೈಯರ್‌ಗೆ ಆಗಿಬರದು.

ಕಡ್ಡಾಯ ಬೇಡ ಎನ್ನುವವರ ಗಟ್ಟಿ ವಾದ ಒಂದೇ, ಇಂಥದ್ದು ಅಪರೂಪ ಎಂಬುದು. ನಿಜ, ಅಪರೂಪ. ಮಾರ್ಚ್ 1989ರಲ್ಲಿ ಬಫಲೋದ ಗೋಲ್‌ಕೀಪರ್ ಕ್ಲಿಂಟ್ ಮಲಾರ್ಚುಕ್ ಕತ್ತು ಸ್ಕೇಟು ತಾಗಿ ಸೀಳಿತು. 2008ರಲ್ಲಿ ಅದೇ ಊರಿನಲ್ಲಿ ಫ್ಲೋರಿಡಾದ ರಿಚರ್ಡ್ ಜೆಡ್ನಿಕ್‌ಗೆ ತನ್ನದೇ ತಂಡದವನ ಸ್ಕೇಟು ತಾಗಿತು. ಇಬ್ಬರೂ ಬದುಕಿದರು. ಆದರೆ ಬದುಕಿದ್ದು ಹೇಗೆ? ಮಲಾರ್ಚುಕ್ ಬಳಿಗೆ ಓಡಿದ ಟ್ರೇನರ್ ಜಿಮ್ ಪಿಜ್ಜುಟೆಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ವೈದ್ಯಕೀಯ ಸಹಾಯಕರಾಗಿದ್ದವರು, ಬೆರಳು ಹಾಕಿ ನಾಳ ಒತ್ತಿ ಹಿಡಿದರು. ಜೆಡ್ನಿಕ್ ಕತ್ತು ಒತ್ತಿಕೊಂಡು ತಾವೇ ಸ್ಕೇಟ್ ಮಾಡುತ್ತ ಬೆಂಚಿಗೆ ಬಂದರು. ಸುರಕ್ಷತೆಯ ನಿಯಮ ಇಂಥ ಅದೃಷ್ಟವನ್ನು ನಂಬಿ ಕೂರುವಂತಿಲ್ಲ.

‘ಇವತ್ತು ನೆಕ್ ಗಾರ್ಡ್, ನಾಳೆ ಬಾಡಿಚೆಕ್ಕೇ (ಮೈಯಿಂದ ಎದುರಾಳಿಗೆ ಗುದ್ದುವುದೇ) ಬೇಡ ಎನ್ನುತ್ತಾರೆ’ ಎಂಬ ಗೊಣಗಾಟವೂ ಉಂಟು. ಇಲ್ಲಿ ಎರಡು ಬೇರೆ ವಿಷಯ ಕಲಸುಮೇಲೋಗರವಾಗಿದೆ. ತಲೆಗೆ ಗುದ್ದುವುದನ್ನು ತಡೆಯುವ 48ನೇ ನಿಯಮ ಬಂದದ್ದು ಮಾರ್ಚ್ 2010ರಲ್ಲಿ, ಎದುರಾಳಿ ಮ್ಯಾಟ್ ಕುಕ್ ಗುದ್ದಿಗೆ ಬಾಸ್ಟನ್‌ನ ಮಾರ್ಕ್ ಸವಾರ್ಡ್ ಪ್ರಜ್ಞೆ ತಪ್ಪಿ ಬಿದ್ದ ಮೇಲೆ, ಸೀಸನ್ನಿನ ನಡುವೆಯೇ. ಮೊದಲು ಪಕ್ಕದಿಂದ ಅಥವಾ ಕಣ್ಣಿಗೆ ಬೀಳದ ಕಡೆಯಿಂದ ಬಂದ ಗುದ್ದಿಗೆ ಮಾತ್ರ ಶಿಕ್ಷೆ ಇತ್ತು. 2011-12ರಲ್ಲಿ ಅದು ಎಲ್ಲ ದಿಕ್ಕಿಗೂ ವಿಸ್ತರಿಸಿತು. ಸವಾರ್ಡ್ ಅಷ್ಟರಲ್ಲಿ ಇನ್ನೊಂದು ಪೆಟ್ಟು ತಿಂದು, ಜನವರಿ 2011ರ ನಂತರ ಆಡಲೇ ಇಲ್ಲ. ಅಲ್ಲಿ ಚರ್ಚೆಗೆ ನಿಜಕ್ಕೂ ಎರಡು ಮಗ್ಗುಲಿವೆ. ತಲೆಬುರುಡೆಯೊಳಗೆ ಮಿದುಳು ಕುಲುಕುವುದನ್ನು ಹೆಲ್ಮೆಟ್ ನಿಲ್ಲಿಸಲಾರದು, ಆದ್ದರಿಂದ ಗುದ್ದುವವನ ನಡತೆಯನ್ನೇ ಬದಲಿಸಬೇಕು. ಬದಲಿಸಿದರೆ ಆಟದ ರೀತಿಯೂ ಬದಲಾಗುತ್ತದೆ, ರೆಫರಿಯ ಕಣ್ಣಳತೆಯ ಮೇಲೆ ತೀರ್ಪು ನಿಲ್ಲುತ್ತದೆ. ನೆಕ್ ಗಾರ್ಡಿನಲ್ಲಿ ಇದ್ಯಾವುದೂ ಇಲ್ಲ. ಪಕ್ (ಆಡುವ ರಬ್ಬರ್ ಬಿಲ್ಲೆ) ಅದೇ, ವೇಗ ಅದೇ, ಗುದ್ದು ಅದೇ.

ನನ್ನ ಲೆಕ್ಕದಲ್ಲಿ ವಿನಾಯಿತಿ ಕೊಡಲೇಬೇಕಿದ್ದರೆ ಅದಕ್ಕೊಂದು ಗಡುವು ಇರಬೇಕಿತ್ತು. ಎರಡು ಸೀಸನ್ ಅಭ್ಯಾಸಕ್ಕೆ, ಆಮೇಲೆ ಎಲ್ಲರಿಗೂ. ಜೊತೆಗೆ ಮಣಿಕಟ್ಟು ಮತ್ತು ಹಿಮ್ಮಡಿಯೂ ಸೇರಬೇಕಿತ್ತು. ಫೆಬ್ರವರಿ 2013ರಲ್ಲಿ ಆಟಗಾರ ಎರಿಕ್ ಕಾರ್ಲ್‌ಸನ್‌ರ ಹಿಮ್ಮಡಿಯ ಸ್ನಾಯುರಜ್ಜು ಸ್ಕೇಟು ತಾಗಿ ಕತ್ತರಿಸಿತು, ನವೆಂಬರ್ 2022ರಲ್ಲಿ ಇವಾಂಡರ್ ಕೇನ್ ಮಣಿಕಟ್ಟು ಸೀಳಿತು. ಎರಡನ್ನೂ ಕಾಯುವ ಬಟ್ಟೆ ಅಂಗಡಿಗಳಲ್ಲೇ ಸಿಗುತ್ತದೆ.

ಕೆನಡಾದಲ್ಲಿ ಮಕ್ಕಳನ್ನು ಹಾಕಿಗೆ ಸೇರಿಸಿದ ನಮ್ಮವರಿಗೆ ಒಂದು ಮಾತು. ಅಲ್ಲಿ ಮಕ್ಕಳ ಹಾಕಿಯಲ್ಲಿ ಕೇಳುವುದು ಎ5 ಅಲ್ಲ, ಕ್ವಿಬೆಕ್ ಪ್ರಾಂತದ ಗುಣಮಟ್ಟ ಸಂಸ್ಥೆಯ ‘ಬಿಎನ್‌ಕ್ಯೂ’ ಮುದ್ರೆ. ಕೊಳ್ಳುವಾಗ ಮುದ್ರೆ ಇದೆಯೇ ನೋಡಿ, ಚುಚ್ಚುತ್ತದೆಂದು ಮಗು ಅತ್ತರೂ ಪಟ್ಟಿಯನ್ನು ಕತ್ತರಿಸಬೇಡಿ. ಕತ್ತರಿಸಿದ್ದಕ್ಕೆ ಮುದ್ರೆಯ ಮಾನ್ಯತೆ ಉಳಿಯುವುದಿಲ್ಲ. ತೊಡಿಸಿದ ಮೇಲೆ ಮಗುವಿಗೆ ಗದ್ದ ಮೇಲೆತ್ತಿ ಎಡಕ್ಕೂ ಬಲಕ್ಕೂ ತಿರುಗಲು ಹೇಳಿ. ಪಕ್ಕದಲ್ಲಿ ಎಲ್ಲಾದರೂ ಚರ್ಮ ಕಂಡರೆ ಬೇರೆ ಅಳತೆಯದು ತನ್ನಿ.