ರೀಲಿನ ಕೊನೆಯಲ್ಲಿ ಸಿಕ್ಕ ಹಾಡು

17 ಆಗಸ್ಟ್ 2025, ಭಾನುವಾರ
ಬೆಂಗಳೂರು

ಬೆಳಿಗ್ಗೆ ಎಂಟೂವರೆಗೇ ಗಿಟಾರಿನ ಎರಡನೇ ತಂತಿ ಕಿತ್ತುಹೋಯಿತು. ತಪ್ಪು ನನ್ನದೇ. ತಂತಿ ಬದಲಿಸಿ ಎರಡು ವರ್ಷದ ಮೇಲಾಗಿತ್ತು, ತುಕ್ಕು ಬೇರೆ ಹಿಡಿದಿತ್ತು. ಅದನ್ನು ಅರ್ಧ ಸ್ವರ ಮೇಲಕ್ಕೆ ಬಿಗಿ ಮಾಡಲು ಹೋದೆ. ಟಪ್ ಅಂತ ಹೋಗಿ ಮುಂಗೈಗೆ ಬಾರಿಸಿತು.

ಬಿಗಿ ಮಾಡಿದ್ದು ನಿಕ್ ಡ್ರೇಕ್‌ಗೋಸ್ಕರ. ಅವನ 'ಪಿಂಕ್ ಮೂನ್' ಹಾಡಿಗೆ ಮಾಮೂಲಿ ಶ್ರುತಿ ನಡೆಯುವುದಿಲ್ಲ. ಆರು ತಂತಿಯಲ್ಲಿ ನಾಲ್ಕನ್ನು ಇಳಿಸಬೇಕು, ಒಂದನ್ನು ಏರಿಸಬೇಕು, ಒಂದನ್ನು ಹಾಗೇ ಬಿಡಬೇಕು. ಏರಿಸಬೇಕಾದ ಆ ಒಂದೇ ತಂತಿ ನನಗೆ ಕೈಕೊಟ್ಟಿತು. ಇಂಥ ಶ್ರುತಿಗಳನ್ನು ಅವನು ತಾನೇ ಹುಡುಕಿಕೊಳ್ಳುತ್ತಿದ್ದ. ಕೇಳಿದರೆ ಸಲೀಸು ಅನಿಸುತ್ತದೆ. ಕೂತು ನುಡಿಸಲು ಹೋದಾಗ ಗೊತ್ತಾಗುತ್ತದೆ, ಬಲಗೈ ಹೆಬ್ಬೆರಳಿಗೆ ಒಂದು ಲೆಕ್ಕ, ಉಳಿದ ಬೆರಳಿಗೆ ಇನ್ನೊಂದು ಲೆಕ್ಕ, ಬಾಯಿಗೆ ಮೂರನೆಯದು.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಹುಡುಗ, ಹುಟ್ಟಿದ್ದು 1948ರಲ್ಲಿ ರಂಗೂನಿನಲ್ಲಿ. ಬದುಕಿದ್ದಾಗ ಬಂದದ್ದು ಮೂರೇ ಆಲ್ಬಮ್. ಆಗ ಯಾವುದೂ ಐದು ಸಾವಿರ ಪ್ರತಿ ದಾಟಲಿಲ್ಲ. 1974ರ ನವೆಂಬರ್ 25ರಂದು, ಖಿನ್ನತೆಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಜಾಸ್ತಿಯಾಗಿ, ಅಪ್ಪ ಅಮ್ಮನ ಮನೆಯಲ್ಲೇ ತೀರಿಕೊಂಡ. 26 ವರ್ಷ. ದೊಡ್ಡವನಾದ ಮೇಲೆ ಅವನು ಹಾಡುತ್ತಿರುವ ಒಂದು ತುಣುಕು ಫಿಲ್ಮೂ ಇಲ್ಲ. ಇರುವುದೆಲ್ಲ ಟೇಪು.

ಆ ಟೇಪಿನ ವಿಷಯಕ್ಕೇ ಇವತ್ತು ಮನೆಯಲ್ಲಿ ಜಗಳ ಆಗಿದ್ದು.

ಅಕ್ಕನ ಮಗ ಶುಕ್ರವಾರ ಬಂದಿದ್ದಾನೆ. ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತಲ್ಲ. ಸೌಂಡ್ ಎಡಿಟಿಂಗ್ ಕಲಿಯುತ್ತಿದ್ದಾನೆ, ಲ್ಯಾಪ್‌ಟಾಪ್ ಬಿಟ್ಟು ಏಳುವುದಿಲ್ಲ. ನನ್ನ ಹತ್ತಿರ ಇರುವ 'ಫ್ಯಾಮಿಲಿ ಟ್ರೀ' ಆಲ್ಬಮ್‌ನ ಒಂದು ಹಾಡು ತಗೊಂಡು ಸುಯ್ಯೆನ್ನುವ ಸದ್ದನ್ನೆಲ್ಲ ತೆಗೆದುಹಾಕಿದ. ಹೆಮ್ಮೆಯಿಂದ ಹೆಡ್‌ಫೋನ್ ನನ್ನ ಕಿವಿಗೆ ಹಾಕಿದ.

"ಮಾಮ, ಎಷ್ಟು ಕ್ಲಿಯರ್ ಆಗಿದೆ ಅಲ್ವಾ?"

ಆಗಿತ್ತು, ಸುಳ್ಳು ಹೇಳಬಾರದು. ಆದರೆ ಕೋಣೆ ಮಾಯವಾಗಿತ್ತು.

ಆ ಆಲ್ಬಮ್ಮಿನಲ್ಲಿ ಇರುವುದೇ ಕೋಣೆ. ಅದು ಹೊರಬಂದದ್ದು 2007ರಲ್ಲಿ. ಅದರಲ್ಲಿ ಸ್ಟುಡಿಯೋ ಹಾಡುಗಳಿಲ್ಲ. ವಾರ್ವಿಕ್‌ಶೈರಿನ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯ ಮನೆಯಲ್ಲಿ, ಅಪ್ಪನ ರೀಲ್ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದೇ ಹೆಚ್ಚು. ಹುಡುಗ ಬೇರೆಯವರ ಹಾಡು ಹಾಡಿ ಕೈ ಪಳಗಿಸಿಕೊಳ್ಳುತ್ತಿದ್ದಾನೆ. ಅಕ್ಕನ ಜೊತೆ ಒಂದು ಹಾಡು. ಮನೆಯವರು ಸೇರಿ ನುಡಿಸಿದ ಮೊಟ್ಸಾರ್ಟ್. ಅಮ್ಮ ಮಾಲಿ ತಾನೇ ಬರೆದು, ಪಿಯಾನೋ ನುಡಿಸಿಕೊಂಡು ಹಾಡಿದ ಎರಡು ಹಾಡು. ಅಮ್ಮನ ಸ್ವರಗಳು ನಡೆಯುವ ದಾರಿ ಕೇಳಿದರೆ ಮಗ ಎಲ್ಲಿಂದ ಬಂದ ಅಂತ ಗೊತ್ತಾಗಿಬಿಡುತ್ತದೆ.

ಅಪ್ಪ ರಾಡ್ನಿ ಎಂಜಿನಿಯರು, ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್‌ನಲ್ಲಿದ್ದವರು. (ಕೊಡಗಿನ ಸಿದ್ದಾಪುರದ ಕಡೆಯವರು ಈ ಹೆಸರು ಕೇಳಿರುತ್ತೀರಿ. ಅಲ್ಲಿ ಅದೇ ಕಂಪನಿಯ ಕಾಫಿ ತೋಟಗಳಿದ್ದವು.) ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಮಾಲಿ ಮತ್ತು ಆಕೆಯ ಸೋದರಿ ದೆಹಲಿಗೆ ಬಂದರು, ಆಲ್ ಇಂಡಿಯಾ ರೇಡಿಯೋದಲ್ಲಿ ಜೋಡಿಯಾಗಿ ಹಾಡಿದರು. ನಿಕ್‌ನ ಅಕ್ಕ ಗೇಬ್ರಿಯೆಲ್ ಹುಟ್ಟಿದ್ದು ಲಾಹೋರಿನಲ್ಲಿ. ಮುಂದೆ ನಟಿಯಾದಳು. ತಮ್ಮನ ಹಾಡಿನ ಉಸ್ತುವಾರಿ ಕೊನೆಗೆ ಅವಳ ಪಾಲಿಗೆ ಬಂತು.

ಈ ಮನೆ ಟೇಪುಗಳನ್ನು ಹೊರಗೆ ಬಿಡಲು ಅವಳಿಗೇನೂ ಆತುರ ಇರಲಿಲ್ಲ. ಮಗ ಹೋದ ಮೇಲೆ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಪ್ರೀತಿಯಿಂದ ಕೂರಿಸಿ ಟೇಪಿನ ನಕಲು ಮಾಡಿ ಕೊಟ್ಟು ಕಳಿಸುತ್ತಿದ್ದರು. ಮಗನ ದನಿ ಕೇಳಲು ಅಷ್ಟು ದೂರ ಬಂದವರನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು? ಆ ನಕಲುಗಳ ನಕಲುಗಳು ಕಳ್ಳ ಮಾರುಕಟ್ಟೆಗೆ ಹೋದವು. ಹೇಗೂ ಹೊರಗಿದೆಯಲ್ಲ, ಸರಿಯಾಗಿಯಾದರೂ ಬರಲಿ ಅಂತ ಆಲ್ಬಮ್ ಆಯಿತು. ಅದರ ಜೊತೆಗಿನ ಬರಹವನ್ನು ಗೇಬ್ರಿಯೆಲ್ ತಮ್ಮನಿಗೆ ಕಾಗದದ ಹಾಗೆ ಬರೆದಿದ್ದಾಳೆ. ನೀನು ಇದಕ್ಕೆ ಹೂಂ ಅನ್ನುತ್ತಿದ್ದೆ ಅಂತ ನನಗೆ ಖಾತ್ರಿ ಇಲ್ಲ ಎಂಬರ್ಥದ ಮಾತು ಅದರಲ್ಲಿದೆ. ಇಷ್ಟು ನೇರವಾಗಿ ಹೇಳಿಕೊಂಡ ವಾರಸುದಾರರು ಕಡಿಮೆ.

ಹುಡುಗನಿಗೆ ಇದೆಲ್ಲ ಹೇಳಿದೆ. ಅವನು ಚಕ್ಕುಲಿ ಮುರಿಯುತ್ತಾ ಕೇಳಿದ, "ಸರಿ ಮಾಮ, ಹಾಗಾದ್ರೆ ಪೂರ್ತಿಯಾಗದೇ ಇರೋದನ್ನ ಯಾರೂ ಮುಟ್ಟಲೇಬಾರದಾ?"

ಮುಟ್ಟಬಾರದು ಅಂತಲೇ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದಕ್ಕೆ ಕಾರಣ 1974ರ ಟೇಪು. ತೀರಿಕೊಂಡ ವರ್ಷವೇ ನಿಕ್ ನಾಲ್ಕನೇ ಆಲ್ಬಮ್ ಮಾಡಲು ಲಂಡನ್ನಿನ ಸ್ಟುಡಿಯೋಗೆ ಹೋದ. ನಿರ್ಮಾಪಕ ಜೋ ಬಾಯ್ಡ್ ಇದ್ದರು, ಧ್ವನಿ ಎಂಜಿನಿಯರ್ ಜಾನ್ ವುಡ್ ಇದ್ದರು. ಮೂರು ವರ್ಷದ ಹಿಂದೆ ಇದೇ ಜಾನ್ ವುಡ್ ಎದುರು ಎರಡೇ ರಾತ್ರಿಯಲ್ಲಿ 'ಪಿಂಕ್ ಮೂನ್' ಆಲ್ಬಮ್ ಮುಗಿಸಿದ್ದವನು ಅವನು. ಈ ಸಲ ನುಡಿಸುತ್ತಾ ಹಾಡಲು ಆಗಲಿಲ್ಲ. ಮೊದಲು ಗಿಟಾರ್ ಮಾತ್ರ ಹಿಡಿದರು, ಆಮೇಲೆ ಅದರ ಮೇಲೆ ದನಿ ಹಾಕಿದರು. ಅಲ್ಲಿಯವರೆಗೆ ಬೆರಳು, ಬಾಯಿ ಎರಡೂ ಒಟ್ಟಿಗೆ ಓಡುತ್ತಿದ್ದ ಮನುಷ್ಯ. ಗೊತ್ತಿದ್ದು ಕೇಳಿದರೆ ಸಂಕಟವಾಗುತ್ತದೆ.

ಅದರ ನಾಲ್ಕು ಹಾಡು 1979ರ ಸಂಪುಟದಲ್ಲಿ ಬಂದವು. ಅಷ್ಟೇ ಅಂತ ಎಲ್ಲರೂ ಅಂದುಕೊಂಡಿದ್ದರು. ಆ ಹಾಡುಗಳನ್ನು ಹಿಡಿದು ಸುಮಾರು 30 ವರ್ಷ ಕಳೆದ ಮೇಲೆ ಹಳೇ ಟೇಪನ್ನು ಹಾಕಿ, ನಿಲ್ಲಿಸದೆ ಓಡಲು ಬಿಟ್ಟಾಗ ಕೊನೆಯಲ್ಲಿ ಐದನೆಯದು ಸಿಕ್ಕಿತು, 'ಟೋ ದ ಲೈನ್'. ಇದಕ್ಕೆ ಯಾರೂ ಏನೂ ಸೇರಿಸಲಿಲ್ಲ. ಗಿಟಾರು ಮತ್ತು ದನಿ, ಎರಡೂಕಾಲು ನಿಮಿಷದ ಚಿಕ್ಕ ಹಾಡು. ನನಗೆ ಬೇರೇನೂ ಬೇಡ.

ಆದರೆ ಅದು ಬಂದ 2004ರ ಆಲ್ಬಮ್ಮಿನಲ್ಲೇ ಇನ್ನೊಂದು ಕೆಲಸವೂ ನಡೆದಿತ್ತು. 1968ರ ಎರಡು ಹಾಡಿಗೆ ಹೊಸದಾಗಿ ಪಿಟೀಲು ಗುಂಪನ್ನು ಕೂರಿಸಿ, ನುಡಿಸಿ ಸೇರಿಸಿದರು. ಸತ್ತವನ ದನಿಗೆ ಇವತ್ತಿನ ಪಿಟೀಲು! ಕೇಳಿದ ದಿನ ಸಿಟ್ಟು ಬಂದಿತ್ತು. ಅದರಲ್ಲೊಂದು, 'ಮ್ಯಾಜಿಕ್', ಬ್ರಿಟನ್ನಿನ ಟಾಪ್ 40ರೊಳಗೆ ಹೋಯಿತು. ಬದುಕಿದ್ದಾಗ ಅವನ ಯಾವ ಹಾಡೂ ಅಲ್ಲಿಗೆ ಹೋಗಿರಲಿಲ್ಲ. ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಕತೆ ಪೂರ್ತಿ ಗೊತ್ತಾದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು. 1968ರಲ್ಲಿ ಅವನಿಗೆ ವಾದ್ಯಸಂಯೋಜನೆ ಬರೆದುಕೊಡಲು ರಿಚರ್ಡ್ ಹ್ಯೂಸನ್ ಎಂಬ ನುರಿತವರನ್ನು ಗೊತ್ತು ಮಾಡಿದ್ದರು. ಇಪ್ಪತ್ತರ ಹುಡುಗ, ಮೊದಲ ಆಲ್ಬಮ್ 'ಫೈವ್ ಲೀವ್ಸ್ ಲೆಫ್ಟ್', ಮೇಲಾಗಿ ಮಹಾ ಸಂಕೋಚದವನು. ಆದರೂ ಬೇಡ ಅಂದ. ಕೇಂಬ್ರಿಜ್‌ನಲ್ಲಿ ತನ್ನ ಜೊತೆ ಓದುತ್ತಿದ್ದ ರಾಬರ್ಟ್ ಕಿರ್ಬಿಯೇ ಬೇಕು ಅಂದ. 2004ರಲ್ಲಿ ಸೇರಿಸಿದ್ದು ಅದೇ ಕಿರ್ಬಿಯ ಸಂಯೋಜನೆ. ಅವನು ಬೇಡ ಅಂದಿದ್ದನ್ನು ತೆಗೆದು, ಬೇಕು ಅಂದವನದ್ದನ್ನು ಹಾಕಿದ್ದರು.

ಕಳೆದ ತಿಂಗಳು ಬಂದ 'ದ ಮೇಕಿಂಗ್ ಆಫ್ ಫೈವ್ ಲೀವ್ಸ್ ಲೆಫ್ಟ್' ಸಂಪುಟದಲ್ಲಿ ಇದಕ್ಕೆ ಸಾಕ್ಷಿಯೇ ಸಿಕ್ಕಿದೆ. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯೊಬ್ಬ ಹಿಡಿದಿಟ್ಟ ಟೇಪು. ಹಾಡುಗಳ ನಡುವೆ ನಿಕ್ ಮಾತಾಡುತ್ತಾನೆ, ತನಗೆ ಎಂಥ ವಾದ್ಯ ಬೇಕು ಅಂತ ಹೇಳುತ್ತಾನೆ. ಸಣ್ಣ ದನಿ, ಅಲ್ಲಲ್ಲಿ ತಡವರಿಕೆ. ಆದರೆ ಬೇಕಾದದ್ದೇನು ಅನ್ನುವುದರಲ್ಲಿ ಗೊಂದಲ ಇಲ್ಲ. ಬರೀ ಗಿಟಾರ್, ದನಿ ಇದ್ದರೇ ಅವನು ಅಂತ ಹಟ ಹಿಡಿದಿದ್ದವನು ನಾನು, ಅವನಲ್ಲ.

"ಮುಟ್ಟಬಹುದು ಕಣೋ," ಅಂದೆ ಹುಡುಗನಿಗೆ. "ಆದ್ರೆ ಈ ಸುಯ್ ಸದ್ದು ತೆಗಿ ಅಂತ ಅವನು ಯಾರಿಗೂ ಹೇಳಿರಲಿಲ್ಲ."

"ಇರಲಿ ಅಂತಾನೂ ಹೇಳಿರಲಿಲ್ಲ," ಅಂದ. ಪಕ್ಕಾ ನಮ್ಮಕ್ಕನ ಮಗ.

ಆಮೇಲೆ ಅವನೇ ಒಂದು ತೋರಿಸಿದ. ಆ ಸಾಫ್ಟ್‌ವೇರಿನಲ್ಲಿ ತೆಗೆದು ಹಾಕಿದ್ದನ್ನು ಮಾತ್ರ ಬೇರೆಯಾಗಿ ಕೇಳುವ ಒಂದು ಬಟನ್ ಇದೆ. ನನಗೆ ಗೊತ್ತೇ ಇರಲಿಲ್ಲ. ಒತ್ತಿದ. ಮೊದಲು ಬರೀ ಸುಯ್ಯ್, ಹಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ. ಕಿವಿ ಪಳಗಿದ ಮೇಲೆ ಅದರೊಳಗೆ ಏನೋ ಕೇಳಿಸಲು ಶುರುವಾಯಿತು. ಬೆರಳು ತಂತಿಯ ಮೇಲೆ ಜಾರುವ ಚೀರು. ಸಾಲು ಮುಗಿದ ಮೇಲೆ ಒಳಗೆ ಎಳೆದುಕೊಂಡ ಉಸಿರು. ಆಮೇಲೆ, ತೀರಾ ದೂರದಲ್ಲಿ, ಕೊನೆಯ ತಂತಿಯ ಬಾಲ. ಹಾಡಿನಿಂದ ಕತ್ತರಿಸಿಹೋಗಿ ಕಸದ ಜೊತೆ ಬಂದುಬಿಟ್ಟಿತ್ತು.

ಇಬ್ಬರೂ ಎರಡು ಸಲ ಕೇಳಿದೆವು. ಮೂರನೇ ಸಲ ಅವನೊಬ್ಬನೇ, ಕಣ್ಣು ಮುಚ್ಚಿಕೊಂಡು.

ರಾತ್ರಿ ಹತ್ತೂವರೆಗೆ ಶಿವಮೊಗ್ಗದ ಬಸ್ಸು. ಉಳಿದ ಚಕ್ಕುಲಿಯನ್ನೆಲ್ಲ ಕಟ್ಟಿಕೊಟ್ಟೆವು. ಹೊರಡುವಾಗ ಹೇಳಿದ, "ಮಾಮ, ಆ ಫೈಲು ಡಿಲೀಟ್ ಮಾಡಿದೀನಿ." ಯಾವುದು, ಹಾಡಿನದೋ ಕಸದ್ದೋ ಅಂತ ಕೇಳುವಷ್ಟರಲ್ಲಿ ಆಟೋ ಬಂತು.

ನಾಳೆ ತಂತಿ ತರಬೇಕು. ಪೂರ್ತಿ ಸೆಟ್ಟೇ ತಂದುಬಿಡುತ್ತೇನೆ.