ಮೂರನೇ ಸ್ಪ್ಯಾನ್ ಯಾಕೆ ಸುಮ್ಮನಿತ್ತು?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಪಾತ್ರೆ ತೊಳೆಯುವಾಗಲೂ ಅದೇ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗಲೂ ಅದೇ.

"ಕೆಂಪಗಿರೋದು ಬಿಡಮ್ಮಾ. ಇದು ಯಾಕೆ ಸುಮ್ನೆ ಇದೆ?"

ಕೇಳಿದವರು ಒಂದು ಹಳೆಯ ಉಕ್ಕಿನ ಸೇತುವೆಯ ಉಸ್ತುವಾರಿ ನೋಡಿಕೊಳ್ಳುವ ಎಂಜಿನಿಯರ್. ನಿವೃತ್ತಿ ಹತ್ತಿರವಿದೆ. ಉತ್ತರ ಗೊತ್ತಿಲ್ಲದೆ ಎದುರಿಗೆ ಕೂತವಳು ನಾನು. ಉಪಗ್ರಹದ ರೇಡಾರ್ ಚಿತ್ರ ಇಟ್ಟುಕೊಂಡು ಕಟ್ಟಡ, ಅಣೆಕಟ್ಟು, ಸೇತುವೆ ಎಷ್ಟು ಮಿಲಿಮೀಟರ್ ಸರಿದಿದೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ.

ಚಿತ್ರ ಅಂದೆ, ಆದರೆ ಫೋಟೋ ಥರ ಅಲ್ಲ. ಸೆಂಟಿನೆಲ್-1 ಉಪಗ್ರಹ 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು ಸುಮಾರು 5.6 ಸೆಂ.ಮೀ. ಉದ್ದದ ರೇಡಿಯೋ ಅಲೆ ಬಿಟ್ಟು, ವಾಪಸ್ ಬಂದದ್ದನ್ನು ಹಿಡಿದಿಡುತ್ತದೆ. ಹೋದ ಸಲ ಅಲೆ ಏರಿನಲ್ಲಿದ್ದಾಗ ವಾಪಸ್ ಬಂದಿತ್ತಾ, ಇಳಿಜಾರಿನಲ್ಲಿದ್ದಾಗ ಬಂದಿತ್ತಾ? ಈ ಸಲ? ಆ ವ್ಯತ್ಯಾಸದಲ್ಲೇ ನಮ್ಮ ಬದುಕು. ಹೋಗುವ ದಾರಿ, ಬರುವ ದಾರಿ ಎರಡೂ ಸೇರುವುದರಿಂದ, ವಸ್ತು 2.8 ಸೆಂ.ಮೀ. ಸರಿದರೆ ಅಲೆ ಒಂದು ಪೂರ್ತಿ ಸುತ್ತು ಬದಲಾಗುತ್ತದೆ. ಅದರೊಳಗಿನ ಚೂರುಪಾರನ್ನು ಅಳೆದು ಮಿಲಿಮೀಟರ್‌ಗೆ ಇಳಿಯುತ್ತೇವೆ. ಉಕ್ಕಿನ ಸೇತುವೆ ಅಂದರೆ ನಮಗೆ ಹಬ್ಬ. ಅದರ ಮೂಲೆ, ಸಂದುಗಳೆಲ್ಲ ರೇಡಾರ್‌ಗೆ ಚೆನ್ನಾಗಿ ಹೊಳೆಯುತ್ತವೆ.

ಆ ಸೇತುವೆಗೆ ಮೂರು ಸ್ಪ್ಯಾನ್, ಅಂದರೆ ಒಂದು ಆಧಾರದಿಂದ ಇನ್ನೊಂದರವರೆಗಿನ ಮೂರು ಭಾಗ. ಒಂದೊಂದೂ ಸುಮಾರು 90 ಮೀಟರ್. ಜನವರಿಯಿಂದ ಮೇ ಕೊನೆಯವರೆಗಿನ 13 ಚಿತ್ರ ಸಿಕ್ಕಿದ್ದವು. ಕನಿಷ್ಠ 20–25 ಇಲ್ಲದೆ ಮಾತಾಡಬೇಡಿ ಅಂತ ಜೂನಿಯರ್‌ಗಳಿಗೆ ಪಾಠ ಹೇಳುವುದು ನಾನೇ. ಆದರೂ ಮಾಡಿದೆ. ಬಾಸ್‌ಗೆ ಅವಸರವಿತ್ತು ಅನ್ನಬಹುದು. ನಿಜ ಹೇಳಬೇಕಂದ್ರೆ ನನಗೂ ಇತ್ತು. ನಮ್ಮ ನಕ್ಷೆಯಲ್ಲಿ ಹಸಿರು ಅಂದರೆ ಸರಿದಿಲ್ಲ, ಕೆಂಪಾದಷ್ಟೂ ಹೆಚ್ಚು ಸರಿದಿದೆ ಅಂತ. ಮೊದಲ ಎರಡು ಸ್ಪ್ಯಾನ್‌ಗಳಲ್ಲಿ ಒಂದು ತುದಿ ಹಸಿರು, ಇನ್ನೊಂದು ತುದಿಗೆ ಹೋಗುತ್ತಾ ಹಳದಿ, ಕಿತ್ತಳೆ, ಕೊನೆಗೆ ಕಡುಕೆಂಪು. ಐದು ತಿಂಗಳಲ್ಲಿ 16 ಮಿ.ಮೀ. ಉಪಗ್ರಹದಿಂದ ದೂರ ಸರಿದಿತ್ತು. ಮೂರನೆಯದು ಈ ತುದಿಯಿಂದ ಆ ತುದಿಯವರೆಗೂ ಹಸಿರು. "ಎರಡು ಸ್ಪ್ಯಾನ್‌ಗಳ ತುದಿ ಕುಸಿಯುತ್ತಿರುವ ಸಾಧ್ಯತೆ. ವರ್ಷಕ್ಕೆ 38 ಮಿ.ಮೀ. ವೇಗ. ಮೂರನೇ ಸ್ಪ್ಯಾನ್ ಸ್ಥಿರ" ಅಂತ ಬರೆದೆ. ಬಾಸ್ ಅರ್ಧ ಗಂಟೆಯಲ್ಲಿ ಅದನ್ನು ಮೇಲಿನವರಿಗೆಲ್ಲ ಕಳಿಸಿಬಿಟ್ಟರು. ಒಳ್ಳೆಯ ಮನುಷ್ಯರೇ. ಆದರೆ ಕೆಂಪು ಬಣ್ಣ ಕಂಡರೆ ಅವರ ಕೈ ನಿಲ್ಲುವುದಿಲ್ಲ.

ಮಂಗಳವಾರ ಸಭೆ. ಎಂಜಿನಿಯರ್ ನನ್ನ ನಕ್ಷೆಯನ್ನು ಕನ್ನಡಕ ಮೇಲೆತ್ತಿ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೇ ಚೆನ್ನಾಗಿತ್ತು.

"ಶುರು ಮಾಡಿದ್ದು ಚಳಿಯಲ್ಲಿ, ಮುಗಿಸಿದ್ದು ಬೇಸಿಗೆಯಲ್ಲಿ. ಅಲ್ವಾ?"

"ಹೌದು ಸರ್."

"ಉಕ್ಕು ಬಿಸಿಯಾದ್ರೆ ಏನಾಗುತ್ತೆ?"

ನನಗೆ ಗೊತ್ತಿತ್ತು. ಶಾಲೆಯಲ್ಲಿ ಓದಿದ್ದು ಯಾರಿಗೆ ಗೊತ್ತಿಲ್ಲ? ಒಂದು ಡಿಗ್ರಿ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಬೆಳೆಯುತ್ತದೆ. 90 ಮೀಟರ್‌ಗೆ, 25 ಡಿಗ್ರಿಗೆ, 27 ಮಿ.ಮೀ. ಉಪಗ್ರಹ ನೆತ್ತಿಯ ಮೇಲಿಂದ ನೇರ ಕೆಳಗೆ ನೋಡುವುದಿಲ್ಲ, ಪಕ್ಕದಿಂದ ಓರೆಯಾಗಿ ನೋಡುತ್ತದೆ. ಆ ಓರೆಯಲ್ಲಿ 27 ಮಿ.ಮೀ. ಎಷ್ಟು ಕಾಣಬೇಕು ಅಂತ ಅಲ್ಲೇ ಪೆನ್ನು ತೆಗೆದು ಗೀಚಿದೆ. 16 ಬಂತು. ಒಂದೇ ದಿಕ್ಕಿನಿಂದ ಓರೆಯಾಗಿ ನೋಡಿದರೆ ಕೆಳಗೆ ಕುಸಿದದ್ದೂ ಪಕ್ಕಕ್ಕೆ ಸರಿದದ್ದೂ ಒಂದೇ ಥರ ಕಾಣುತ್ತವೆ. ಅದೂ ನನಗೆ ಗೊತ್ತಿದ್ದದ್ದೇ. ಸೇತುವೆ ಕುಸಿದಿರಲಿಲ್ಲ. ಬಿಸಿಲಿಗೆ ಮೈಮುರಿದಿತ್ತು, ಅಷ್ಟೇ.

ಈ ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ನಾನು ಕೆಲಸ ಕಲಿತದ್ದು ನೆಲ ಕುಸಿಯುವ ಊರುಗಳ ಮೇಲೆ. ಮೆಕ್ಸಿಕೋ ಸಿಟಿಯ ಕೆಲವು ಭಾಗ ವರ್ಷಕ್ಕೆ ಹತ್ತಾರು ಸೆಂ.ಮೀ. ಇಳಿಯುತ್ತದೆ. ಅಲ್ಲಿ ಪ್ರತಿ ಚಿತ್ರದ ಅಳತೆಗೆ ಒಂದೊಂದು ಚುಕ್ಕಿ ಇಟ್ಟು, ಆ ಚುಕ್ಕಿಗಳ ನಡುವೆ ಒಂದು ನೇರ ಗೆರೆ ಎಳೆದರೆ ಕೆಲಸ ಮುಗಿಯಿತು, ಚಳಿ–ಬೇಸಿಗೆ ಲೆಕ್ಕಕ್ಕೇ ಬರುವುದಿಲ್ಲ. ಅದೇ ಗೆರೆಯನ್ನು ತಂದು ಸೇತುವೆಗೂ ಎಳೆದಿದ್ದೆ. ಡಿಸೆಂಬರ್‌ವರೆಗೆ ಕಾದಿದ್ದರೆ ಚುಕ್ಕಿಗಳು ತಾವೇ ವಾಪಸ್ ಬರುತ್ತಿದ್ದವು.

ಅಲ್ಲಿಗೆ ಮುಗಿದಿದ್ದರೆ ಇದು ಬರೀ ಅವಮಾನದ ಕಥೆ. ನಾನು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಹಸಿರು ಸ್ಪ್ಯಾನ್ ಮೇಲೆ ಬೆರಳಿಟ್ಟರು. ಆ ಬೆರಳಿನ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಇತ್ತು. ಪರದೆಯ ಮೇಲೂ ಒಂದು ಕಲೆ ಬಿತ್ತು.

"ಕೆಂಪಗಿರೋದು ಬಿಡಮ್ಮಾ. ಇದು ಯಾಕೆ ಸುಮ್ನೆ ಇದೆ?"

ಬಾಸ್ ಹುಮ್ಮಸ್ಸಿನಿಂದ, "ಅದು ಸ್ಟೇಬಲ್ ಸರ್, ತೊಂದರೆ ಇಲ್ಲ" ಅಂದರು. ಎಂಜಿನಿಯರ್ ಅವರತ್ತ ತಿರುಗಲೂ ಇಲ್ಲ. "ಮೂರೂ ಒಂದೇ ಉಕ್ಕು. ಮೂರಕ್ಕೂ ಒಂದೇ ಬಿಸಿಲು" ಅಂದರು, ನನಗೆ ಮಾತ್ರ.

ಮಧ್ಯಾಹ್ನ ಸೇತುವೆ ಕೆಳಗೆ ಕರೆದುಕೊಂಡು ಹೋದರು. ಏಣಿ ಹತ್ತಬೇಕಿತ್ತು. ಎಷ್ಟೋ ಸೇತುವೆ ಅಳೆದಿದ್ದೇನೆ, ಒಂದರ ಬೇರಿಂಗ್, ಅಂದರೆ ಸ್ಪ್ಯಾನ್‌ನ ತುದಿ ಕಂಬದ ಮೇಲೆ ಕೂರುವ ಜೋಡಣೆ, ಕೂಡ ಹತ್ತಿರದಿಂದ ನೋಡಿರಲಿಲ್ಲ. ಪ್ರತಿ ಸ್ಪ್ಯಾನ್‌ನ ಒಂದು ತುದಿಯನ್ನು ಬಿಗಿದಿರುತ್ತಾರೆ. ಇನ್ನೊಂದು ತುದಿ ಉಕ್ಕಿನ ರೋಲರ್ ಮೇಲೆ ಕೂತಿರುತ್ತದೆ, ಬಿಸಿಲಿಗೆ ಹಿಗ್ಗಿದಾಗ ಸರಿದುಕೊಳ್ಳಲಿ ಅಂತ. ಎರಡನೇ ಸ್ಪ್ಯಾನ್‌ನ ರೋಲರ್ ಕೆಳಗಿನ ಪ್ಲೇಟಿನ ಮೇಲೆ ಬೆಳ್ಳಿಯಂಥ ಒಂದು ಪಟ್ಟಿ ಮಿರಿಮಿರಿ ಹೊಳೆಯುತ್ತಿತ್ತು. ವರ್ಷವಿಡೀ ಹಿಂದೆ ಮುಂದೆ ಉರುಳಿ ಉರುಳಿ ಆದದ್ದು. ನನ್ನ ನಕ್ಷೆಯ ಕಡುಕೆಂಪು ಅಂದರೆ ಇದೇ.

ಮೂರನೆಯದರಲ್ಲಿ ಹೊಳಪೇ ಇರಲಿಲ್ಲ. ರೋಲರ್ ಸುತ್ತ ಮಣ್ಣು, ಪಾರಿವಾಳದ ಹಿಕ್ಕೆ. ತುಕ್ಕು ಪದರಪದರವಾಗಿ ಎದ್ದು ರೋಲರನ್ನೂ ಪ್ಲೇಟನ್ನೂ ಬೆಸೆದ ಹಾಗಿತ್ತು. ಕೆಳಗಿನ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಉಕ್ಕು ಹಿಗ್ಗುವುದನ್ನು ಯಾರಿಂದಲೂ ತಡೆಯಲಾಗುವುದಿಲ್ಲ. ದಾರಿ ಸಿಗದಿದ್ದರೆ ತಾನು ಕೂತ ಜಾಗವನ್ನೇ ತಳ್ಳುತ್ತದೆ. ನನ್ನ ನಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಎಲೆಹಸಿರು ಬಣ್ಣ ಕೊಟ್ಟಿದ್ದೆ.

ಎಲ್ಲರಿಗಿಂತ ಮೊದಲು ಅಪಾಯ ಕಂಡುಹಿಡಿದವಳು ನಾನಾಗಬೇಕು ಅನ್ನುವ ಆಸೆ ನನಗಿತ್ತು. ಈ ಕೆಲಸದಲ್ಲಿ ಇರುವ ಬಹಳ ಜನಕ್ಕೆ ಇದೆ, ಒಪ್ಪಿಕೊಳ್ಳುವುದಿಲ್ಲ. 2018ರ ಆಗಸ್ಟ್ 14ರಂದು ಇಟಲಿಯ ಜಿನೋವಾದಲ್ಲಿ ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ಮರುವರ್ಷ ಒಂದು ತಂಡ, ಕುಸಿಯುವ ಮುಂಚೆಯೇ ರೇಡಾರ್ ಚಿತ್ರಗಳಲ್ಲಿ ಸುಳಿವಿತ್ತು ಅಂತ ಪ್ರಬಂಧ ಬರೆಯಿತು. 2020ರಲ್ಲಿ ಇನ್ನೊಂದು ತಂಡ ಬೇರೆ ಲೆಕ್ಕ ಮಾಡಿ, ಅಂಥದ್ದೇನೂ ಕಾಣುತ್ತಿಲ್ಲ ಅಂದಿತು. ಎರಡನ್ನೂ ಓದಿದ್ದೆ. ಪ್ರತಿ ಸಲವೂ ಮನಸ್ಸು ಮೊದಲನೆಯವರ ಕಡೆಗೇ ವಾಲುತ್ತಿತ್ತು. ಎರಡೂ ಕಡೆಯವರು ಹುಡುಕಿದ್ದು ಚಲನೆಯನ್ನೇ. ನಮಗೆ ಹುಡುಕಲು ಬರುವುದೂ ಅದೊಂದೇ. ಸಾಫ್ಟ್‌ವೇರ್ ಕೂಡ ನಕ್ಷೆಯಲ್ಲಿ ಸುಮ್ಮನಿರುವ ಜಾಗಕ್ಕೆ ಹಸಿರು ಹಚ್ಚಿ ಮುಂದೆ ಹೋಗುತ್ತದೆ. ಮನೆಯಲ್ಲಿ, ಆಫೀಸಿನಲ್ಲಿ ಕೂಡ ಕೂಗಾಡುವವರ ಕಡೆಗೇ ಎಲ್ಲರ ಗಮನ. ಒಂದು ವರ್ಷದಿಂದ ಸಭೆಗಳಲ್ಲಿ ಬಾಯಿಯೇ ಬಿಡದ ಸಹೋದ್ಯೋಗಿಯೊಬ್ಬಳನ್ನು ನಾನು "ಅವಳದ್ದೇನೂ ತಕರಾರಿಲ್ಲಪ್ಪ" ಅಂತ ಹೊಗಳುತ್ತಿದ್ದೆ. ಬುಧವಾರ ಅವಳ ಮೇಜಿನ ಹತ್ತಿರ ಹೋಗಿ ನಿಂತೆ. ಏನು ಕೇಳಬೇಕೋ ತೋಚದೆ ಚಾರ್ಜರ್ ಇದೆಯಾ ಅಂತ ಕೇಳಿ ಬಂದೆ.

ವರದಿ ತಿದ್ದುತ್ತಿದ್ದೇನೆ. ಈ ಸಲ ಪ್ರತಿ ಚುಕ್ಕಿಯ ಪಕ್ಕದಲ್ಲಿ ಆ ದಿನದ ಉಷ್ಣಾಂಶ ಇದೆ. ಇಷ್ಟು ಬಿಸಿಲಿಗೆ ಎಷ್ಟು ಸರಿಯಬೇಕಿತ್ತು, ಎಷ್ಟು ಸರಿದಿದೆ ಅಂತ ಎರಡು ಸಾಲು. ಬಾಸ್ ನೋಡಿ, "ಹಾಗಾದ್ರೆ ಮೂರನೆಯದಕ್ಕೆ ಕೆಂಪು ಹಾಕೋಣ್ವಾ?" ಅಂದರು, ಸ್ವಲ್ಪ ಆಸೆಯಿಂದಲೇ.

ಗುರುವಾರ ಸಂಜೆ ಎಂಜಿನಿಯರ್ ಮೂರು ಫೋಟೋ ಕಳಿಸಿದರು. ಬೆಳಿಗ್ಗೆ ತಂಪಿನಲ್ಲಿ ಮೂರೂ ರೋಲರ್‌ಗಳ ಮೇಲಿನ ಪ್ಲೇಟಿನಿಂದ ಕೆಳಗಿನ ಪ್ಲೇಟಿನವರೆಗೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದರಂತೆ. ಮಧ್ಯಾಹ್ನ ಹೋಗಿ ಫೋಟೋ ತೆಗೆದಿದ್ದಾರೆ. ಮೊದಲ ಎರಡರಲ್ಲಿ ಗೆರೆ ತುಂಡಾಗಿ, ಮೇಲಿನ ತುಂಡು ಕಿರುಬೆರಳಿನ ಉಗುರಿನಷ್ಟು ಆಚೆ ಹೋಗಿತ್ತು. ಮೂರನೆಯದರಲ್ಲಿ ಗೆರೆ ಎಳೆದ ಹಾಗೇ ನೆಟ್ಟಗೆ ನಿಂತಿತ್ತು.